ಮಡಕೆಯಲ್ಲಿ ಬಂದ ಅನ್ನ

ಅಜ್ಜಂಪುರ
27-3-1986, ಗುರುವಾರ

ಪ್ರೀತಿಯ ಕಾಂತಾಗೆ,

ನಿನ್ನ ಮೂರು ಕಾಗದಗಳೂ ತಲುಪಿವೆ. ಮೊದಲನೆಯದು ಡಿಸೆಂಬರಿನಲ್ಲಿ, ಎರಡನೆಯದು ಸಂಕ್ರಾಂತಿಯ ಎಳ್ಳಿನ ಪೊಟ್ಟಣದ ಜೊತೆ, ಮೂರನೆಯದು ಹೋದ ವಾರ. ಒಂದಕ್ಕೂ ಉತ್ತರ ಬರೆಯಲಿಲ್ಲ, ಅದಕ್ಕೆ ಕ್ಷಮಿಸು. ಸ್ಕೂಲಿನ ಕೆಲಸ, ಮಕ್ಕಳ ಪರೀಕ್ಷೆ ಎಂದು ನೆವ ಹೇಳಬಹುದಿತ್ತು. ಆದರೆ ನೀನೂ ಎರಡು ವರ್ಷ ಮೇಷ್ಟ್ರಿಕೆ ಮಾಡಿದವಳು. ನಾಲ್ಕು ತಿಂಗಳಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬರೆಯಲು ಪುರುಸೊತ್ತು ಸಿಗದ ಮೇಡಂ ಯಾರೂ ಇಲ್ಲ ಎಂದು ನಿನಗೆ ಗೊತ್ತು. ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ. ಇವತ್ತೂ ಮೇಲಿನ ‘ಪ್ರೀತಿಯ’ ಎಂಬ ಮಾತನ್ನು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆದಿದ್ದೇನೆ. ಅದು ಇರಲಿ ಎನಿಸಿತು. ಪ್ರೀತಿ ಇಲ್ಲದವರ ಮೇಲೆ ಇಷ್ಟು ಕೋಪ ಬರುವುದಿಲ್ಲ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಯಜಮಾನರಿಗೆ ಮೊಣಕಾಲು ನೋವು, ಆದರೂ ರೈಲ್ವೆ ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಕೆಲಸಕ್ಕೆ ಒಂದು ದಿನ ರಜೆ ಹಾಕುವುದಿಲ್ಲ. ದೇವನೂರಿನಲ್ಲಿ ನಮ್ಮವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ಈಗ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕೂತು ಹೋಗುವವರನ್ನೆಲ್ಲ ‘ಯಾರಪ್ಪಾ ಅದು’ ಎಂದು ಕೇಳುತ್ತಾಳಂತೆ. ಮಗಳು ಗೌತಮಿ ಬೆಂಗಳೂರಿನ ಹಾಸ್ಟೆಲಿನಲ್ಲಿ ಇದ್ದಾಳೆ. ನರ್ಸಿಂಗ್ ಮೊದಲ ವರ್ಷ ಮುಗಿಯುತ್ತಾ ಬಂತು. ಅವಳ ವಿಷಯ ಆಮೇಲೆ ಬರೆಯುತ್ತೇನೆ.

ಹೋದ ವಾರದ ಕಾಗದದಲ್ಲಿ ನೀನು ಕೇಳಿದ್ದೀಯ: “ನಾನೇನು ತಪ್ಪು ಮಾಡಿದೆ ಅಂತ ಒಂದ್ಸಲ ಹೇಳಿಬಿಡು ಹುಲೀ. ನನ್ ಮಗಳ ಮದುವೆ ದಿನ ತಾಂಬೂಲನೂ ತಗೊಳ್ದೆ ಹೋಗ್ಬಿಟ್ಟೆ. ನಮ್ಮತ್ತೆನೂ ಕೇಳಿದ್ರು. ಅದೆಲ್ಲ ಬಿಟ್ಟು ಯುಗಾದಿಗೆ ಬಾ, ಹೋಳಿಗೆ ಮಾಡ್ತೀನಿ.” ಇದನ್ನು ಓದಿ ನಾನು ನಮ್ಮ ಅಡುಗೆ ಮನೆಯಲ್ಲಿ ಒಂದು ಲೋಟ ನೆಲಕ್ಕೆ ಬಿಸಾಡಿದೆ. ಸ್ಟೀಲ್ ಲೋಟ, ಏನೂ ಆಗಲಿಲ್ಲ, ಒಂದು ಕಡೆ ತಗ್ಗಾಯಿತು. ತಪ್ಪು ಏನು ಎಂದು ನಿನಗೆ ನಿಜವಾಗಿ ಗೊತ್ತಿಲ್ಲವಾದರೆ ಅದೇ ದೊಡ್ಡ ತಪ್ಪು. ಗೊತ್ತಿದ್ದೂ ಕೇಳಿದ್ದಾದರೆ ಇನ್ನೇನು ಹೇಳಲಿ. ಎರಡರಲ್ಲಿ ಯಾವುದಾದರೂ ಇರಲಿ, ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ನಾನು ಹೋದ ಭಾನುವಾರ ಬೆಂಗಳೂರಿನಲ್ಲಿ ಮಾಡಿದ ಊಟದ ಕಥೆ ಕೇಳಬೇಕು. ಆ ಊಟ ಮಾಡದಿದ್ದರೆ ಈ ಕಾಗದ ಬರೆಯುವ ಧೈರ್ಯ ಬರುತ್ತಿರಲಿಲ್ಲ.

ಶನಿವಾರ ಕಡೂರಿನಲ್ಲಿ ಶಿಕ್ಷಣ ಇಲಾಖೆಯ ಎ.ಇ.ಓ. ಆಫೀಸಿನ ಮೀಟಿಂಗ್ ಮುಗಿಸಿ ಅಲ್ಲಿಂದಲೇ ರೈಲು ಹತ್ತಿದ್ದೆ. ಗೌತಮಿಯನ್ನು ನೋಡಿ ನಾಲ್ಕು ತಿಂಗಳಾಗಿತ್ತು. ಸಂಕ್ರಾಂತಿಗೂ ಊರಿಗೆ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಹಾಸ್ಟೆಲಿಗೆ ಹೋಗಿ, ಅವಳನ್ನು ಕರೆದುಕೊಂಡು ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಿಸಿ, ಒಂದು ಜೊತೆ ಚಪ್ಪಲಿ ಕೊಡಿಸಿ ಬರಬೇಕು ಎಂದು ನನ್ನ ಯೋಚನೆ. ಅವಳು ಗೇಟಿನ ಹತ್ತಿರ ಬಂದಳು. ನಾನು ತಂದಿದ್ದ ಚಕ್ಕುಲಿ ಡಬ್ಬಿ ತೆಗೆದುಕೊಂಡಳು. ಅಜ್ಜಿಯ ಕಣ್ಣು ಹೇಗಿದೆ, ಅಪ್ಪನ ಕಾಲು ಹೇಗಿದೆ ಎಂದು ಕೇಳಿದಳು. ಊಟಕ್ಕೆ ಹೋಗೋಣ ನಡಿ ಎಂದೆ.

“ನಾನು ಬರಲ್ಲಮ್ಮ. ನೀನು ಹೋಗಿ ಊಟ ಮಾಡು,” ಎಂದಳು.

“ಯಾಕೆ, ಮೈಯಲ್ಲಿ ಹುಷಾರಿಲ್ವಾ?”

“ಹುಷಾರಾಗೇ ಇದೀನಿ.”

ಅಷ್ಟೇ. ಡಬ್ಬಿ ಹಿಡಿದುಕೊಂಡು ಒಳಗೆ ಹೋದಳು. ನಾನು ಗೇಟಿನ ಕಾವಲುಗಾರನ ಮುಂದೆ ಮುಖ ಎಲ್ಲಿಡಬೇಕೋ ತಿಳಿಯದೆ ರಸ್ತೆಗೆ ಬಂದೆ. ಆಮೇಲೆ ನಡೆದೆ ನೋಡು. ಯಾವ ರಸ್ತೆ, ಎಲ್ಲಿಗೆ ಹೋಗುತ್ತದೆ, ಒಂದೂ ಗೊತ್ತಿಲ್ಲ. ಬಿಸಿಲು ನೆತ್ತಿಯ ಮೇಲೆ ಬಂದಿತ್ತು. ಒಂದು ಗಂಟೆ ನಡೆದಿರಬೇಕು. ಕಂಟೋನ್ಮೆಂಟಿನ ಕಡೆ ಎಲ್ಲೋ ಬಂದಿದ್ದೆ. ಹಸಿವೆಯೂ ಆಗಿತ್ತು, ಸಿಟ್ಟೂ ಬಂದಿತ್ತು. ಯಾವುದು ಯಾವುದರಿಂದ ಎಂದು ತಿಳಿಯಲಿಲ್ಲ.

ದಾರಿಯಲ್ಲಿ ಎರಡು ಊಟದ ಹೋಟೆಲು ಸಿಕ್ಕವು. ಎರಡರ ಬಾಗಿಲಲ್ಲೂ ನಿಂತು ವಾಪಸು ಬಂದೆ. ನಿನಗೆ ಇದು ಅರ್ಥವಾಗುವುದಿಲ್ಲ. ನಾನು ಒಬ್ಬಳೇ ಹೋಟೆಲಿಗೆ ಹೋದರೆ ಎದುರಿಗೆ ಯಾರಾದರೂ ಬಂದು ಕೂರುತ್ತಾರೆ, ಯಾವೂರಮ್ಮ ಎನ್ನುತ್ತಾರೆ, ದೇವನೂರು ಎಂದರೆ ಯಾರ ಪೈಕಿ ಎನ್ನುತ್ತಾರೆ. ಊರ ಹೊರಗಿನ ಕೇರಿಯವಳು ಎಂದು ಹೇಳಿ ಊಟ ಮುಗಿಸಬೇಕು, ಇಲ್ಲವೇ ಸುಳ್ಳು ಹೇಳಿ ಊಟ ಮುಗಿಸಬೇಕು. ಇಪ್ಪತ್ತೆರಡು ವರ್ಷದಿಂದ ಸರ್ಕಾರದ ಸಂಬಳ ತಿಂದರೂ ಹೋಟೆಲಿನ ಬಾಗಿಲಲ್ಲಿ ನನ್ನ ಕಾಲು ಒಂದು ಸಲ ನಿಲ್ಲುತ್ತದೆ. ಅವತ್ತು ಹೇಳುವುದಕ್ಕೂ, ಸುಳ್ಳು ಹೇಳುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

ಆಗ ಒಂದು ಸಣ್ಣ ಗಲ್ಲಿಯಲ್ಲಿ ಕೆಂಪು ಬೋರ್ಡು ಕಂಡಿತು. ಮೇಲೆ ಬಂಗಾರದ ಬಣ್ಣದಲ್ಲಿ ಏನೋ ಬರೆದಿತ್ತು, ಗುಬ್ಬಚ್ಚಿ ಗೂಡಿನ ಹಾಗೆ. ಕೆಳಗೆ ಇಂಗ್ಲಿಷಿನಲ್ಲಿ ಚೈನೀಸ್ ಎಂದಿತ್ತು. ನನಗೆ ಓದಲು ಬಾರದ ಅಕ್ಷರ ಬರೆದವರು ನನ್ನ ಹಣೆಯ ಮೇಲೆ ಬರೆದಿರುವುದನ್ನೂ ಓದಲಾರರು ಎನಿಸಿತು. ಒಳಗೆ ಹೋದೆ.

ಆರು ಮೇಜಿನ ಹೋಟೆಲು. ಗಲ್ಲಾದಲ್ಲಿ ಚೀನಾದ ಹೆಂಗಸು ಕೂತಿದ್ದಳು, ಐವತ್ತರ ಮೇಲೆ ವಯಸ್ಸು, ಹೂವಿನ ಅಂಗಿ, ಪ್ಯಾಂಟು, ಕತ್ತರಿಸಿದ ಕೂದಲು. ನನ್ನನ್ನು ನೋಡಿ ಕನ್ನಡದಲ್ಲೇ “ಒಬ್ರೇನಾ?” ಎಂದಳು. ನಾನು ತಬ್ಬಿಬ್ಬಾಗಿ ಹೌದು ಎಂದೆ. “ಬನ್ನಿ, ಇಲ್ಲಿ ಕೂತ್ಕೊಳಿ,” ಎಂದು ನಡುವಿನ ಮೇಜು ತೋರಿಸಿದಳು. ಮೂಲೆಯಲ್ಲಿ ಎರಡು ಮೇಜು ಖಾಲಿ ಇದ್ದವು, ನಾನು ಅಲ್ಲಿಗೆ ಹೊರಟಿದ್ದೆ. ಅಭ್ಯಾಸ. ಅವಳು ಬಿಡಲಿಲ್ಲ. “ಅಲ್ಲಿ ಫ್ಯಾನ್ ಇಲ್ಲ ಮೇಡಂ,” ಎಂದಳು.

ಅವಳು ಕೊಟ್ಟ ಪಟ್ಟಿಯಲ್ಲಿ ನನಗೆ ಒಂದೂ ತಿಳಿಯಲಿಲ್ಲ. ಏನಾದರೂ ಅನ್ನ ಕೊಡಿ, ಕೋಳಿ ಇದ್ದರೆ ಆಗಬಹುದು ಎಂದೆ. ಕೋಳಿ ಎಂದ ಕೂಡಲೇ ನೀನು ಮೂಗು ಮುಚ್ಚಿಕೊಳ್ಳುತ್ತೀಯ. ಮುಚ್ಚಿಕೋ. ಅವಳು “ಹಾಗಾದ್ರೆ ಭಾನುವಾರದ ಅನ್ನ ಕೊಡ್ತೀನಿ. ಅರ್ಧ ಗಂಟೆ ಆಗುತ್ತೆ, ಪರವಾಗಿಲ್ವಾ?” ಎಂದು ಕೇಳಿದಳು. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.

ಪಕ್ಕದ ಮೇಜಿನಲ್ಲಿ ಗಂಡ ಹೆಂಡತಿ, ಎರಡು ಮಕ್ಕಳು. ಅವರಿಗೆ ಬಿಳಿ ಪಿಂಗಾಣಿ ತಟ್ಟೆಗಳಲ್ಲಿ ಊಟ ಬಂತು, ಅಂಚಿನಲ್ಲಿ ನೀಲಿ ಹೂವು. ಬಾಗಿಲ ಬಳಿ ಇಬ್ಬರು ಕಾಲೇಜಿನ ಹುಡುಗರು, ಅವರಿಗೂ ಅದೇ ತಟ್ಟೆ. ನಾನು ನೀರು ಕುಡಿಯುತ್ತಾ ಕೂತೆ. ಅರ್ಧ ಗಂಟೆಯಾದ ಮೇಲೆ ಆ ಹೆಂಗಸೇ ಬಂದು ನನ್ನ ಮುಂದೆ ಒಂದು ಹಲಗೆ ಇಟ್ಟು ಅದರ ಮೇಲೆ ನನ್ನ ಊಟ ಇಟ್ಟಳು. ಮಡಕೆ, ಕಾಂತಾ. ಮಸಿ ಹಿಡಿದ ಮಣ್ಣಿನ ಮಡಕೆ. ಸುತ್ತ ತಂತಿ ಬಿಗಿದಿತ್ತು, ಮೇಲೆ ಮಣ್ಣಿನದೇ ಮುಚ್ಚಳ.

ಇಲ್ಲೂ ಗೊತ್ತಾಗಿಹೋಯಿತು ಎಂದುಕೊಂಡೆ. ಹೇಗೆ ಗೊತ್ತಾಯಿತು, ಮುಖ ನೋಡಿಯೇ, ಸೀರೆ ನೋಡಿಯೇ, ಮೂಲೆಗೆ ಹೊರಟಿದ್ದು ನೋಡಿಯೇ. ನಮ್ಮವ್ವ ದೇವನೂರಿನಲ್ಲಿ ಕಣದ ಕೆಲಸಕ್ಕೆ ಹೋಗುವಾಗ ಸೆರಗಿನಲ್ಲಿ ಮಣ್ಣಿನ ಕುಡಿಕೆ ಕಟ್ಟಿಕೊಂಡು ಹೋಗುತ್ತಿದ್ದಳು. ಗೌಡರ ಮನೆಯವರು ಮೇಲಿನಿಂದ ಸಾರು ಸುರಿಯುತ್ತಿದ್ದರು. ನಾವು ಉಂಡ ಪಾತ್ರೆಯನ್ನು ತೊಳೆದು ಒಳಗೆ ತೆಗೆದುಕೊಳ್ಳುವ ಹಾಗಿಲ್ಲವಲ್ಲ, ಮಣ್ಣಿನದಾದರೆ ಒಡೆದು ಹಾಕಬಹುದು. ನಾನು ಓದಿದ್ದೇ ಆ ಕುಡಿಕೆಯನ್ನು ಮತ್ತೆ ಹಿಡಿಯಬಾರದು ಎಂದು.

ಎದ್ದು ನಿಂತೆ. ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೇಳಿದೆ: “ಎಲ್ರಿಗೂ ಪಿಂಗಾಣಿ ತಟ್ಟೆ. ನಂಗೆ ಮಾತ್ರ ಯಾಕ್ರೀ ಮಣ್ಣಿನ ಮಡಕೆ?”

ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ ಅದು. ಆ ಹೆಂಗಸು ನನ್ನನ್ನೇ ನೋಡಿದಳು. ಏನೋ ತಪ್ಪಾಗಿದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. “ಈ ಅನ್ನ ಇದ್ರಲ್ಲೇ ಬೇಯೋದು ಮೇಡಂ,” ಎಂದಳು. “ತಟ್ಟೆಗೆ ಹಾಕಿದ್ರೆ ಆರೋಗುತ್ತೆ.” ಆಮೇಲೆ ಗಲ್ಲಾದ ಹಿಂದಕ್ಕೆ ಕೈ ತೋರಿಸಿದಳು. ಅಲ್ಲಿ ಒಬ್ಬ ಮುದುಕ, ಅವಳ ಮಾವ, ಬನಿಯನ್ನು ಹಾಕಿಕೊಂಡು ಕೂತಿದ್ದ. ಅವನ ಮುಂದೆಯೂ ಅಂಥದೇ ಮಡಕೆ, ತಂತಿ ಬಿಗಿದದ್ದು. ಅವನು ಮುಚ್ಚಳ ತೆಗೆದು ಅದರೊಳಕ್ಕೆ ಮುಖ ಇಟ್ಟುಕೊಂಡು ಉಣ್ಣುತ್ತಿದ್ದ. ನಮ್ಮ ಗಲಾಟೆ ಅವನಿಗೆ ಕೇಳಿಸಿರಲೂ ಇಲ್ಲ.

“ಭಾನುವಾರ ನಾವು ಮನೆಯೋರು ತಿನ್ನೋದು ಇದು,” ಎಂದಳು ಅವಳು. “ಬೇಡ ಅಂದ್ರೆ ಬೇರೆ ಕೊಡ್ತೀನಿ.”

ನಾನು ಕೂತೆ. ಬೇಕು ಎಂದೆ. ಅವಳು ಬಟ್ಟೆ ಹಿಡಿದು ಮುಚ್ಚಳ ತೆಗೆದಳು.

ಕಾಂತಾ, ಅದರ ವಾಸನೆಯನ್ನು ನಾನು ಬರೆದು ತೋರಿಸಲಾರೆ. ಬಿಳಿ ಅನ್ನ, ಮೇಲೆ ಕೋಳಿಯ ತುಂಡುಗಳು, ಒಣಗಿಸಿದ ಅಣಬೆ, ಏನೋ ಸೊಪ್ಪು, ಈರುಳ್ಳಿಯ ಹಸಿರು ದಂಟು, ಶುಂಠಿ. ಅವಳು ಮೇಲೆ ಒಂದು ಕಪ್ಪು ಸಾರು ಸುರಿದಳು, ಮಡಕೆಯ ಅಂಚಿಗೆ ತಾಗಿ ಚುಂಯ್ ಎಂದಿತು. ಕಲಸಿ ತಿನ್ನಿ ಎಂದು ಚಮಚ ಕೊಟ್ಟಳು. ಮೊದಲ ತುತ್ತಿಗೆ ನಾಲಗೆ ಸುಟ್ಟಿತು. ಖಾರವಿಲ್ಲ, ಹುಳಿಯಿಲ್ಲ, ನಮ್ಮ ಸಾರಿನ ಹಾಗೆ ಮುಂದೆ ಬಂದು ಮಾತಾಡಿಸುವ ರುಚಿಯಲ್ಲ. ಅನ್ನದ ಒಳಗೇ ಕೋಳಿಯ ಕೊಬ್ಬು ಇಳಿದಿತ್ತು. ಅಣಬೆ ಜಗಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ನಾನು ಕಣ್ಣು ಮುಚ್ಚಿಕೊಂಡು ತಿಂದೆ. ಎದುರಿಗೆ ಯಾರೂ ಇಲ್ಲ, ಯಾವೂರು ಎಂದು ಕೇಳುವವರಿಲ್ಲ, ಬಡಿಸಬೇಕಾದ ಗಂಡನಿಲ್ಲ, ಮಿಗಿಸಬೇಕಾದ ಮಗಳಿಲ್ಲ. ನಾನು ಹುಟ್ಟಿದ ಮೇಲೆ ಒಂದು ಪೂರ್ತಿ ಪಾತ್ರೆಯನ್ನು ನನಗೊಬ್ಬಳಿಗೇ ಎಂದು ಯಾರೂ ಒಲೆ ಮೇಲೆ ಇಟ್ಟಿರಲಿಲ್ಲ.

ಅರ್ಧ ಮುಗಿದಾಗ ಅವಳು ಬಂದು ಎದುರಿನ ಕುರ್ಚಿಯ ಹಿಂದೆ ನಿಂತಳು. “ಕೆಳಗಿನ್ದು ಬಿಡಬೇಡಿ,” ಎಂದು ಚಮಚ ತೆಗೆದುಕೊಂಡು ಮಡಕೆಯ ತಳ ಕೆರೆದಳು. ಅನ್ನ ತಳ ಹಿಡಿದು ಕೆಂಪಗೆ ಹಕ್ಕಳೆ ಕಟ್ಟಿತ್ತು. ಸೀದಿದೆ ಎಂದೆ. “ಸೀದಿಲ್ಲ. ನಮ್ಮಲ್ಲಿ ಇದಕ್ಕೇ ಜಗಳ. ಮಾವ ಯಾರಿಗೂ ಕೊಡಲ್ಲ,” ಎಂದಳು. ಕರಕರ ಎನ್ನುತ್ತಿತ್ತು, ಆ ಕಪ್ಪು ಸಾರು ಹೀರಿಕೊಂಡು. ಅದೇ ಎಲ್ಲಕ್ಕಿಂತ ರುಚಿ. ನಮ್ಮ ಮನೆಯಲ್ಲಿ ತಳ ಹಿಡಿದದ್ದು ಯಾವಾಗಲೂ ಅವ್ವನ ಪಾಲು. ಯಾರಿಗೂ ಬೇಡವಾದದ್ದು ಎಂದು ಅವಳು ತಿನ್ನುತ್ತಿದ್ದಳು ಅಂದುಕೊಂಡಿದ್ದೆ.

ನೀವು ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಿರಿ ಎಂದು ಕೇಳಿದೆ. ಇದೇ ಊರಲ್ಲಿ ಹುಟ್ಟಿದ್ದು ಎಂದಳು. ಚೀನಾದ ಜೊತೆ ಯುದ್ಧವಾದಾಗ ಅವಳ ಗಂಡ ವಾರವಾರ ಪೊಲೀಸ್ ಸ್ಟೇಷನ್ನಿಗೆ ಹೋಗಿ ರುಜು ಹಾಕಬೇಕಿತ್ತಂತೆ. ದಿನಾ ಬಂದು ಉಣ್ಣುತ್ತಿದ್ದವರು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದರಂತೆ. “ಈಗ ಅವರೇ ಮಕ್ಕಳನ್ನ ಕರ್ಕೊಂಡು ಬರ್ತಾರೆ,” ಎಂದಳು. ಕೋಪ ಬರುವುದಿಲ್ಲವೇ ಎಂದೆ. “ಬರುತ್ತೆ,” ಎಂದಳು. ಮತ್ತೆ ಗಲ್ಲಾಕ್ಕೆ ಹೋದಳು. ಬರುತ್ತದೆ, ಆದರೆ ಏನು ಮಾಡುವುದು ಎನ್ನಲಿಲ್ಲ. ಎಲ್ಲ ಮರೆತಿದ್ದೇನೆ ಎನ್ನಲಿಲ್ಲ. ನನಗೆ ಅವಳು ಬಹಳ ಹಿಡಿಸಿದಳು.

ಅಲ್ಲಿ ಕೂತು ಹಕ್ಕಳೆ ಜಗಿಯುತ್ತಾ ನನಗೆ ನಿನ್ನ ಮೇಲೆ ಬಂದ ಕೋಪ ಇದೆಯಲ್ಲ, ಅದನ್ನು ಈಗ ಕೇಳು. ಆ ಪ್ರಶ್ನೆಯನ್ನು ಒಬ್ಬ ಪರಿಚಯವಿಲ್ಲದ ಹೆಂಗಸಿಗೆ, ತಪ್ಪೇ ಮಾಡದವಳಿಗೆ, ಕೂಗಿ ಕೇಳಿದೆ. ಕೇಳಬೇಕಾಗಿದ್ದ ಕಡೆ ಕೇಳಿರಲಿಲ್ಲ.

ವಿಶಾಲಾಕ್ಷಿಯ ಮದುವೆಗೆ ನಾನು ಹಿಂದಿನ ದಿನವೇ ತರೀಕೆರೆಗೆ ಬಂದೆ, ನೀನು ಕರೆದೆ ಎಂದು. ದೀಪಾವಳಿ ರಜೆಗೆ ಊರಿಗೆ ಬಂದಿದ್ದ ಗೌತಮಿಯನ್ನೂ ಕರೆದುಕೊಂಡು ಬಂದೆ. ನಮ್ಮ ಯಜಮಾನರು “ನೀವು ಹೋಗ್ಬನ್ನಿ, ನಂಗೆ ಡ್ಯೂಟಿ ಐತೆ” ಎಂದರು. ನಿಮ್ಮ ಮನೆಯ ಯಾವ ಕಾರ್ಯಕ್ಕೂ ಅವರಿಗೆ ಡ್ಯೂಟಿ ಇರುತ್ತದೆ, ನೀನು ಗಮನಿಸಿದ್ದೀಯೋ ಇಲ್ಲವೋ. ನಾನೂ ಗಮನಿಸಿರಲಿಲ್ಲ. ಮದುಮಗಳ ಮೊಗ್ಗಿನ ಜಡೆ ಹೆಣೆದವಳು ನಾನು. ಮಂಟಪದ ಮುಂದಿನ ರಂಗೋಲಿ ನನ್ನದು. ನಿನ್ನ ಗಂಡ ಷಣ್ಮುಖಪ್ಪನವರು ಬೀಗರಿಗೆ “ಇವ್ರು ಹುಲಿಯಮ್ಮ ಮೇಡಂ, ನಮ್ಮ ಮನೆಯೋರೇ” ಎಂದು ಪರಿಚಯ ಮಾಡಿಕೊಟ್ಟರು. ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ ಗೌತಮಿಯ ಕಡೆ ತಿರುಗಿ, ಕೇಳಿಸಿತಾ ಎನ್ನುವ ಹಾಗೆ ನೋಡಿದೆ.

ಧಾರೆ ಮುಗಿದು ಮೊದಲ ಪಂಕ್ತಿ ಹಾಕಿದರು. ಎಲೆ ಹಾಕಿ, ಉಪ್ಪು ಬಡಿಸಿ ಆಗಿತ್ತು. ನಾನೂ ಗೌತಮಿಯೂ ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ನಿಮ್ಮತ್ತೆ ಹಾಲಮ್ಮನವರು ಕಂಬದ ಹತ್ತಿರ ನಿನ್ನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ್ದನ್ನು ನಾನು ನೋಡಿದೆ. ನೀನು ನನ್ನ ಹತ್ತಿರ ಬಂದು ಬಗ್ಗಿ, ನಗುತ್ತಾ ಹೇಳಿದೆ: “ಹುಲೀ, ನೀವಿಬ್ರೂ ಒಂಚೂರು ಹಿಂದ್ಗಡೆ ಬನ್ನಿ ಕಣೇ. ಇಲ್ಲಿ ಸೆಕೆ. ಅಲ್ಲಿ ಗಾಳಿ ಚೆನ್ನಾಗಿ ಬತ್ತೈತೆ. ನಾನೇ ನಿಂತು ಬಡಿಸ್ತೀನಿ.”

ನಾವು ಎದ್ದೆವು. ನೀರಿನ ತೊಟ್ಟಿಯ ಪಕ್ಕ ತಗಡಿನ ಚಪ್ಪರದ ಕೆಳಗೆ ವಾಲಗದವರಿಗೂ, ಎಂಜಲೆಲೆ ತೆಗೆಯುವ ಓಬಮ್ಮ, ಲಿಂಗಮ್ಮನವರಿಗೂ ಎಲೆ ಹಾಕಿದ್ದರು. ಅವರ ಸಾಲಿನ ಕೊನೆಗೆ ಎರಡು ಎಲೆ. ಅವರ ಜೊತೆ ಕೂತದ್ದು ನನಗೆ ಅವಮಾನವಲ್ಲ. ಓಬಮ್ಮ ನಮ್ಮವ್ವನ ಊರಿನವಳೇ, ಸೆರಗಿನಿಂದ ಜಾಗ ಒರೆಸಿ “ಕೂತ್ಕೊ ಮಗಾ” ಎಂದಳು. ಆದರೆ ನನ್ನ ಎಲೆಯನ್ನು ಒಂದು ಕಡೆ ಹಾಕಿ, ಉಪ್ಪು ಬಡಿಸಿ, ಅಲ್ಲಿಂದ ಎಬ್ಬಿಸಿದೆಯಲ್ಲ ಕಾಂತಾ. ಗಾಳಿ ಎಂದೆಯಲ್ಲ. ಜಾತಿ ಎಂದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಗಾಳಿಗೆ ಏನು ಹೇಳಲಿ? ಹಾಗೆ ಹೇಳಿದರೆ ನಾನು ಏನೂ ಹೇಳಲಾರೆ ಎಂದು ಗೊತ್ತಿದ್ದೇ ನೀನು ಅದನ್ನು ಆರಿಸಿಕೊಂಡೆ. ನಿಂತು ಬಡಿಸುತ್ತೇನೆ ಎಂದವಳು ಬರಲೂ ಇಲ್ಲ.

ಬೇರೆ ಯಾರಾದರೂ ಮಾಡಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮಾಡಿದವರಿಗೇನು ಬರವೇ. ಸಿಂಗಟಗೆರೆ ಸ್ಕೂಲಿನಲ್ಲಿ ನಾವಿಬ್ಬರೂ ಕೆಲಸಕ್ಕೆ ಸೇರಿದ ಮೊದಲ ವಾರ ನೆನಪಿದೆಯೇ? ಹೆಡ್‌ಮಾಸ್ಟರ್ ಈರಭದ್ರಪ್ಪನವರು “ನೀರಿನ ಹರವಿ ಮುಟ್ಬೇಡಮ್ಮ, ಊರೋರು ಮಕ್ಳನ್ನ ಕಳಿಸಲ್ಲ” ಎಂದರು. ನೀನು ಹುಡುಗರೆಲ್ಲ ನೋಡುತ್ತಿದ್ದ ಹಾಗೆ “ಹುಲೀ, ಬಾಯಾರಿಕೆ, ಒಂದ್ಲೋಟ ನೀರು ಕೊಡೇ” ಎಂದೆ. ನಾನು ಹೆದರಿ ನಿಂತಿದ್ದರೆ ನೀನು ಇನ್ನೊಂದು ಸಲ ಕೇಳಿದೆ. ನಾನು ಹರವಿಗೆ ಲೋಟ ಅದ್ದಿ ಕೊಟ್ಟೆ. ನೀನು ಕುಡಿದೆ. ಆಗ ನಿನಗೆ ಇಪ್ಪತ್ತು ವರ್ಷ. ಆ ಒಂದು ಲೋಟ ನೀರಿನ ಮೇಲೆ ನಾನು ಇಪ್ಪತ್ತೆರಡು ವರ್ಷ ನಿನ್ನನ್ನು ನಂಬಿದೆ. ನೀನು ನಮ್ಮ ಮನೆಗೆ ಬಂದಾಗಲೆಲ್ಲ ಇವತ್ತು ಸೋಮವಾರ, ಇವತ್ತು ಹೊಟ್ಟೆ ಸರಿಯಿಲ್ಲ, ಈಗ ತಾನೇ ಉಂಡೆ ಎನ್ನುತ್ತಿದ್ದರೂ ನಾನು ಕ್ಯಾಲೆಂಡರ್ ನೋಡಲಿಲ್ಲ. ಮದುವೆಯಾಗಿ ಕೆಲಸ ಬಿಟ್ಟು ತರೀಕೆರೆಗೆ ಹೋದ ಮೇಲೆ ನೀನು ನನ್ನ ಮನೆಯಲ್ಲಿ ಒಂದು ತುತ್ತು ಅನ್ನ ತಿಂದಿಲ್ಲ. ಇದು ನನಗೆ ಹೊಳೆದದ್ದು ಆ ಚೀನಾ ಹೋಟೆಲಿನಲ್ಲಿ, ಮಡಕೆಯ ತಳ ಕೆರೆಯುವಾಗ.

ನಿಮ್ಮತ್ತೆ ಹೇಳಿದರು, ನಿನ್ನ ಕೈಯಲ್ಲಿರಲಿಲ್ಲ ಎಂದು ಬರೆಯಬೇಡ. ನಾನೂ ಸೊಸೆಯೇ, ಅತ್ತೆಯ ಮಾತು ಮೀರುವುದು ಎಷ್ಟು ಕಷ್ಟ ಎಂದು ಬಲ್ಲೆ. ನೀನು ಅವತ್ತು ಬಂದು “ಹುಲೀ, ನಮ್ಮತ್ತೆ ಹಿಂಗಂತಾರೆ, ನಂಗೆ ಎದುರು ಹೇಳಕ್ಕಾಗ್ತಿಲ್ಲ” ಎಂದಿದ್ದರೂ ಸಾಕಿತ್ತು. ನಾನು ನಿನ್ನ ಕೈ ಹಿಡಿದು, ಪರವಾಗಿಲ್ಲ ಬಿಡು ಎಂದು ಬಸ್ಸು ಹತ್ತುತ್ತಿದ್ದೆ. ಮಾರನೆಯ ವಾರ ಕಾಗದ ಬರೆಯುತ್ತಿದ್ದೆ. ನೀನು ನಕ್ಕೆ. ಮೂರು ಕಾಗದದಲ್ಲೂ ಆ ನಗುವೇ ಇದೆ.

ಯುಗಾದಿಗೆ ನಾನು ತರೀಕೆರೆಗೆ ಬರುವುದಿಲ್ಲ. ನೀನೇ ಇಲ್ಲಿಗೆ ಬಾ. ಬೆಳಿಗ್ಗೆಯ ಪೂಜೆ, ಮನೆಯವರ ಊಟ ಮುಗಿಸಿಕೊಂಡು ಬಂದರೂ ಸರಿ, ಬಸ್ಸಿಗೇನು ಕೊರತೆ. ನಿನಗಾಗಿ ಬೇರೆ ಪಾತ್ರೆಯಲ್ಲಿ ಬೇಳೆ ಸಾರು, ಅನ್ನ ಮಾಡುತ್ತೇನೆ, ಅವತ್ತು ನಮ್ಮ ಒಲೆಯ ಮೇಲೆ ಕೋಳಿ ಇರುವುದಿಲ್ಲ. ಅಷ್ಟು ಮರ್ಯಾದೆ ನಾನು ಕೊಡುತ್ತೇನೆ. ನಮ್ಮ ನಡುಮನೆಯಲ್ಲಿ, ನಮ್ಮ ಯಜಮಾನರ ಎದುರಿಗೆ, ಗೌತಮಿಯ ಪಕ್ಕ ಕೂತು ನೀನು ಊಟ ಮಾಡಬೇಕು. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದು ಒಂದು ಕಾರ್ಡು ಬರೆ. ಗಾಳಿ, ಸೆಕೆ, ಸೋಮವಾರ ಯಾವುದೂ ಬೇಡ. ಆಗುವುದಿಲ್ಲ ಎಂದೇ ಬರೆದರೆ ನಾನು ಅತ್ತು ಸುಮ್ಮನಾಗುತ್ತೇನೆ, ಆದರೆ ನಿನ್ನನ್ನು ಸುಳ್ಳುಗಾತಿ ಎನ್ನುವುದಿಲ್ಲ.

ವಿಶಾಲಾಕ್ಷಿ ಗಂಡನ ಮನೆಯಲ್ಲಿ ಹೇಗಿದ್ದಾಳೆ? ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅವಳ ಹೊಟ್ಟೆ ತಣ್ಣಗಿರಲಿ, ಅವಳ ಮನೆಯಲ್ಲಿ ಯಾರನ್ನೂ ಎಲೆಯ ಮುಂದಿನಿಂದ ಎಬ್ಬಿಸದ ಹಾಗೆ ಅವಳು ಯಜಮಾನಿಕೆ ಮಾಡಲಿ. ಷಣ್ಮುಖಪ್ಪನವರಿಗೆ ನಮಸ್ಕಾರ. ಹಾಲಮ್ಮನವರಿಗೂ ನಮಸ್ಕಾರ, ಅವರು ವಯಸ್ಸಾದವರು.

ಇಂತು ನಿನ್ನ,
ಹುಲಿಯಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಗೌತಮಿ ನನ್ನ ಜೊತೆ ಊಟಕ್ಕೆ ಯಾಕೆ ಬರಲಿಲ್ಲ ಎಂದು ನೀನು ಕೇಳಬಹುದು.

ಅವತ್ತು ಆ ಚಪ್ಪರದ ಕೆಳಗೆ ಅವಳು ಕೂರಲಿಲ್ಲ. “ಅಮ್ಮಾ, ಹೋಗಣ ನಡಿ” ಎಂದು ನಿಂತೇ ಇದ್ದಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ಅದುಮಿ ಕೂರಿಸಿದೆ. “ಸುಮ್ನೆ ಕೂತ್ಕೊ. ಮದುವೆ ಮನೆ. ಕಾಂತತ್ತೆ ಬೇಜಾರ್ ಮಾಡ್ಕೊತಾಳೆ” ಎಂದೆ. ಅವಳು ಕೂತಳು, ಎಲೆ ಮುಟ್ಟಲಿಲ್ಲ.

ಭಾನುವಾರ ಆ ಹೋಟೆಲಿನಿಂದ ಎದ್ದು ನಾನು ಮತ್ತೆ ಹಾಸ್ಟೆಲಿಗೆ ಹೋದೆ. ಅವಳನ್ನು ಗೇಟಿಗೆ ಕರೆಸಿ, “ಅವತ್ತು ನಿನ್ನನ್ನು ಅದುಮಿ ಕೂರಿಸಿದ್ದು ನನ್ನ ತಪ್ಪು” ಎಂದೆ. ಮಗಳ ಮುಂದೆ ಹಾಗೆ ಹೇಳುವುದು ಸುಲಭವಾಗಿರಲಿಲ್ಲ. ಯುಗಾದಿಗೆ ಬರುತ್ತೇನೆ ಎಂದಳು. ಒಳಗೆ ಹೋಗಲು ತಿರುಗಿದವಳು ನಿಂತಳು.

“ಕೂರ್ಸಿದ್ದಕ್ಕಲ್ಲಮ್ಮ,” ಎಂದಳು. “ನೀನು ಪಾಯಸ ಎರಡನೇ ಸಲ ಕೇಳಿ ಹಾಕಿಸ್ಕೊಂಡೆ. ಬಡಿಸೋನಿಗೆ ಬಾಳ ಚೆನ್ನಾಗೈತೆ ಅಂತ ನಕ್ಕೆ.”

ಹೌದು ಕಾಂತಾ. ಕೇಳಿ ಹಾಕಿಸಿಕೊಂಡೆ. ನಕ್ಕೆ.